ಲೆಕ್ಕ ನಮ್ಮೋರ ತಲೆಗೆ ಹತ್ತಲ್ಲ ಅಂದೋರ್ಯಾರು?



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಡಿಗ್ರಿ ಮುಗಿಸಿರೋ ಹುಡುಗನೊಬ್ಬ ರೈಲ್ವೆ ಪರೀಕ್ಷೆಗೆ ಅರ್ಜಿ ಹಾಕಲ್ಲ ಅಂದ. ಯಾಕಪ್ಪಾ ಅಂದ್ರೆ, "ಅದ್ರಲ್ಲಿ ಲೆಕ್ಕ ಬರುತ್ತೆ ಅಣ್ಣ. ನಮ್ಮೋರಿಗೆ ಲೆಕ್ಕ ಎಲ್ಲಿ ಹತ್ತುತ್ತೆ, ಅದು ಅವರ ವಿದ್ಯೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಈ ಮಾತನ್ನ ನಾನು ಮೊದಲು ಕೇಳಿದ್ದು ಏಳನೇ ಕ್ಲಾಸಲ್ಲಿ, ಮೇಷ್ಟ್ರ ಬಾಯಲ್ಲಿ. "ತಮಟೆ ಬಡಿಯೋ ಕೈಗೆ ಭಿನ್ನರಾಶಿ ಯಾಕ್ಲಾ?" ಮೂವತ್ತು ವರ್ಷ ಕಳೆದ ಮೇಲೆ ಅದೇ ಮಾತು ನಮ್ಮ ಹುಡುಗನ ಬಾಯಲ್ಲಿ, ಅದೂ ಬಾಬಾಸಾಹೇಬರ ಫೋಟೋ ಕೆಳಗೆ ಕೂತು! ಆ ಮೇಷ್ಟ್ರ ಕೆಲಸ ಈಗ ನಾವೇ ಮಾಡ್ಕೊಡ್ತಿದ್ದೀವಿ.

ಆ ಫೋಟೋದಲ್ಲಿರೋರ ಕಥೆ ನೆನಪಿದೆಯಾ? ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿದೆ. ಹೈಸ್ಕೂಲಲ್ಲಿ ಬೋರ್ಡ್ ಮೇಲೆ ಲೆಕ್ಕ ಬಿಡಿಸೋಕೆ ಮೇಷ್ಟ್ರು ಭೀಮನನ್ನ ಕರೆದರು. ಕ್ಲಾಸೆಲ್ಲ ಗದ್ದಲ. ಸವರ್ಣೀಯ ಹುಡುಗರು ಬೋರ್ಡ್ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನ ಎತ್ತಿ ಎಸೆಯೋಕೆ ಓಡಿದರು, ಮೈಲಿಗೆ ಆಗುತ್ತಲ್ಲ! ನಮ್ಮನ್ನ ಲೆಕ್ಕದಿಂದ ದೂರ ಇಟ್ಟಿದ್ದು ಬುದ್ಧಿ ಅಲ್ಲ, ಆ ಡಬ್ಬಿಗಳು. ಸಂಸ್ಕೃತ ಕಲಿಸಲ್ಲ ಅಂದಾಗ ಪರ್ಷಿಯನ್ ತಗೊಂಡರು, ಮುಂದೆ ಸಂಸ್ಕೃತವನ್ನ ಸ್ವಂತ ಶ್ರಮದಿಂದ ಕಲಿತರು. 1923ರಲ್ಲಿ ಬಂದ ಅವರ 'ದಿ ಪ್ರಾಬ್ಲಮ್ ಆಫ್ ದಿ ರುಪೀ' ತೆಗೆದು ನೋಡಿ, ಅಂಕಿಅಂಶದ ಕೋಷ್ಟಕಗಳು. ನಾವು ಅವರ ಭಾಷಣ ಮಾತ್ರ ಬಾಯಿಪಾಠ ಮಾಡ್ತೀವಿ.

ನನ್ನ ವಿಷಯಕ್ಕೆ ಬರ್ತೀನಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 35 ತಗೊಂಡೋನು ನಾನು. ಬಿಎ ಸೇರಿದ್ದೇ ಲೆಕ್ಕ ಇರಲ್ಲ ಅಂತ. ನಲವತ್ತು ದಾಟಿದ ಮೇಲೆ ಮಗಳು ಒಂದಿನ ಒಂದು ಲೆಕ್ಕ ಕೇಳಿದಳು, ಅರ್ಧಕ್ಕೆ ಮೂರನೇ ಒಂದು ಕೂಡಿಸಿದ್ರೆ ಎಷ್ಟು ಅಂತ. ಮೇಲಿಂದು ಮೇಲಕ್ಕೆ, ಕೆಳಗಿಂದು ಕೆಳಕ್ಕೆ ಕೂಡಿಸಿ ಐದನೇ ಎರಡು ಅಂದೆ. ಅವಳು ನಕ್ಕು, "ಅಪ್ಪಾ, ಅರ್ಧ ರೊಟ್ಟಿಗೆ ಇನ್ನೂ ಒಂದು ಚೂರು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಆಗುತ್ತಾ?" ಅಂದಳು. ನಾಚಿಕೆ ಆಯ್ತು, ಕಣ್ಣೂ ತೆರೀತು. ಎರಡನ್ನೂ ಆರು ಸಮಪಾಲು ಮಾಡಿ ನೋಡಿದರೆ ಮೂರು ಪಾಲು, ಎರಡು ಪಾಲು, ಒಟ್ಟು ಆರನೇ ಐದು. ಇಷ್ಟೇ! ಇದನ್ನ ಯಾರೂ ನನಗೆ ರೊಟ್ಟಿ ಮುರಿದು ತೋರಿಸಿರಲಿಲ್ಲ.

ಅವತ್ತಿಂದ ಐದನೇ ಕ್ಲಾಸಿನ ಪುಸ್ತಕದಿಂದ ಶುರು ಮಾಡಿದೆ. ಸರ್ಕಾರಿ ಪಠ್ಯಪುಸ್ತಕಗಳು ಪಿಡಿಎಫ್‌ನಲ್ಲಿ ಪುಕ್ಕಟೆ ಸಿಗ್ತವೆ, ಕೋಚಿಂಗ್‌ಗೆ ಸಾವಿರಗಟ್ಟಲೆ ಸುರೀಬೇಡಿ. ಎಲ್ಲಿ ಮುರಿದಿತ್ತೋ ಅಲ್ಲಿಂದ ಹತ್ತಬೇಕು. ನಮ್ಮ ಹುಡುಗರು ಮಾಡೋ ತಪ್ಪು ಅಂದ್ರೆ ಯೂಟ್ಯೂಬಲ್ಲಿ ಯಾರೋ ಲೆಕ್ಕ ಬಿಡಿಸೋದನ್ನ ನೋಡಿ 'ಓ ಅರ್ಥ ಆಯ್ತು' ಅಂತ ತಲೆಯಾಡಿಸೋದು. ಬೇರೆಯೋರು ಈಜೋದು ನೋಡಿದ್ರೆ ಈಜು ಬರುತ್ತಾ? ಉತ್ತರ ಮುಚ್ಚಿಡಿ. ಇಪ್ಪತ್ತು ನಿಮಿಷ ಒದ್ದಾಡಿ, ಬರದಿದ್ರೆ ಒಂದೇ ಒಂದು ಹೆಜ್ಜೆ ನೋಡಿ, ಮತ್ತೆ ಮುಚ್ಚಿ. ಮಾರನೇ ದಿನ ಖಾಲಿ ಹಾಳೆಯಲ್ಲಿ ಅದೇ ಲೆಕ್ಕ ಮೊದಲಿಂದ ಮಾಡಿ. ತಪ್ಪಾದ ಲೆಕ್ಕಕ್ಕೆ ಬೇರೆ ನೋಟ್‌ಬುಕ್ ಇಡಿ, ಎಲ್ಲಿ ತಪ್ಪಿದೆ ಅಂತ ಕನ್ನಡದಲ್ಲೇ ಒಂದು ಸಾಲು ಬರೀರಿ. ನನ್ನದು ಮೂರನೇ ನೋಟ್‌ಬುಕ್ ನಡೀತಿದೆ.

'ವೇದ ಗಣಿತ' ಅಂತ ಶಾರ್ಟ್‌ಕಟ್ ಮಾರೋರ ಹಿಂದೆ ಹೋಗ್ಬೇಡಿ. ಪುರಿಯ ಶಂಕರಾಚಾರ್ಯರೊಬ್ಬರು ಬರೆದು, 1965ರಲ್ಲಿ ಅಚ್ಚಾದ ಪುಸ್ತಕ ಅದು. ಅದರ ಸೂತ್ರಗಳು ವೇದದಲ್ಲಿಲ್ಲ ಅಂತ ಗಣಿತಜ್ಞರೇ ಹೇಳಿದ್ದಾರೆ. ಯಾಕೆ ಅಂತ ಗೊತ್ತಿಲ್ಲದೆ ಉರು ಹೊಡೆಯೋದು ಇನ್ನೊಂದು ಥರದ ಮಂತ್ರ. ಮಂತ್ರದಿಂದ ನಾವು ಪಟ್ಟಿದ್ದು ಸಾಲದಾ?

ಲೆಕ್ಕ ಬರದಿದ್ರೆ ಏನಾಗುತ್ತೆ ಅಂತ ಗುಮಾಸ್ತನಾಗಿ ಹೇಳ್ತೀನಿ, ಕೇಳಿ. ಐದು ಹುದ್ದೆ ತುಂಬ್ತಾರೆ ಅಂದ್ಕೊಳ್ಳಿ. ನಮ್ಮ ಮೀಸಲಾತಿ ಶೇ. 17 ಅಂತ ಇಟ್ಕೊಂಡ್ರೆ 0.85. "ಒಂದಕ್ಕಿಂತ ಕಮ್ಮಿ ಬಂತು, ನಿಮ್ಮೋರಿಗೆ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ಹೂಂ ಅಂತೀರಿ. ಹೀಗೇ ಹತ್ತು ಸಲ ಐದೈದು ತುಂಬಿದ್ರೆ ಐವತ್ತು ಹುದ್ದೆ, ಅದರಲ್ಲಿ ನಮ್ಮ ಪಾಲು 8.5. ಪ್ರತಿಸಲ ಸೊನ್ನೆ ಅಂತ ಬರೆದ್ರೆ ಆ ಎಂಟು ಮನೆಯ ಅನ್ನ ಎಲ್ಲಿ ಹೋಯ್ತು? ಈ ಪುಡಿ ಕಳೆದುಹೋಗಬಾರದು ಅಂತಲೇ ರೋಸ್ಟರ್ ಇರೋದು. ಆ ರಿಜಿಸ್ಟರ್ ಕೇಳಿ ಪಡೆದು ಓದೋಕೆ ಐದನೇ ಕ್ಲಾಸಿನ ಗಣಿತ ಸಾಕು. ಅಷ್ಟೂ ಇಲ್ಲದೆ ಎಷ್ಟು ಧರಣಿ ಕೂತಿದ್ದೀವಿ ನಾವು!

ಬರೋ ಭಾನುವಾರ ಚರ್ಚೆ ಮುಗಿದ ಮೇಲೆ ಒಂದು ಗಂಟೆ ಲೆಕ್ಕ. ಆ ಹುಡುಗನಿಗೂ ಹೇಳಿದ್ದೀನಿ, ಅರ್ಜಿ ಹಾಕಿ ಬಾ ಅಂತ. ನೋಟ್‌ಬುಕ್, ಪೆನ್ಸಿಲ್ ತನ್ನಿ. ಬೋರ್ಡ್ ಹತ್ರ ಮೊದಲು ನಾನೇ ಹೋಗ್ತೀನಿ, ತಪ್ಪಿದ್ರೆ ನಗಿ.