ಗಟ್ಟಿಗಿತ್ತಿಗೂ ಸೊಂಟ ನೋಯುತ್ತದೆ

ಸಿರುಗುಪ್ಪದ ಗದ್ದೆ ಹೆಂಗಸರು ವಿಶ್ರಾಂತಿ ಕೇಳುವವರಲ್ಲ, ತನ್ನ ಆರೈಕೆ ಎಂಬುದೆಲ್ಲ ಪಟ್ಟಣದ ಶೋಕಿ ಎಂಬ ಲೇಖನ ಓದಿದೆ. ಕೇಳುವುದಿಲ್ಲ, ನಿಜ. ಕೇಳಿದರೆ ಅವತ್ತಿನ ಕೂಲಿ ಹೋಗುತ್ತದೆ! ತುಂಗಭದ್ರಾ ಕಾಲುವೆಗೆ ನೀರು ಬಂದಮೇಲೆ ನಾಟಿ ಕಾಯುವುದಿಲ್ಲ. ಮುಟ್ಟಾಗಿರಲಿ, ಜ್ವರವಿರಲಿ, ಕೆಸರಲ್ಲಿ ಬಗ್ಗಲೇಬೇಕು. ಕುರುಗೋಡಿನಲ್ಲಿ ಮೆಣಸಿನಕಾಯಿ ಬಿಡಿಸಿ ಉರಿಯುವ ಕೈಯಲ್ಲೇ ಕೂಸನ್ನು ಎತ್ತಿಕೊಳ್ಳಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವಳದು ಪೀಸಿನ ಲೆಕ್ಕ, ಕೈ ನಿಂತರೆ ಕೂಲಿಯೂ ಇಲ್ಲ. ಇದನ್ನೆಲ್ಲ ಗಟ್ಟಿತನವೆಂದು ಹೊಗಳಲು ಯಾರಿಗೂ ಖರ್ಚಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೊಂದು ವೇತನಸಹಿತ ಮುಟ್ಟಿನ ರಜೆ ಒಪ್ಪಿತು. ದಿನಗೂಲಿಯ ಗದ್ದೆಗೆ ಅದು ಇಳಿದಿಲ್ಲ. ಅಂದಹಾಗೆ, ತನ್ನನ್ನು ಕಾಪಾಡಿಕೊಳ್ಳುವುದೂ ರಾಜಕೀಯವೆಂದು 1988ರಲ್ಲಿ ಬರೆದ ಅಮೆರಿಕದ ಕಪ್ಪು ಕವಯಿತ್ರಿ ಆಡ್ರೆ ಲಾರ್ಡ್ ಶೋಕಿಗೆ ಬರೆದವರಲ್ಲ. ಅವರಿಗೆ ಕ್ಯಾನ್ಸರ್ ಇತ್ತು. ಆ ಲೇಖನ ಬರೆದವರು ಗದ್ದೆ ಹೆಂಗಸರಲ್ಲಿ ಒಬ್ಬರನ್ನಾದರೂ, ಕೂಲಿ ಮುರಿಯದೆ, ಇವತ್ತು ಮಲಗುತ್ತೀಯೇನವ್ವಾ ಎಂದು ಕೇಳಿ ನೋಡಿದ್ದಾರೆಯೇ?