ಉಕ್ಕಿನ ಮೇಜು, ಒಂದು ದಿನಚರಿ

1941ರ ಮಾರ್ಚ್ ತಿಂಗಳಿಂದ ಬ್ರಿಟನ್ನಿನ ಮನೆಗಳಿಗೆ ಹೊಸ ಬಗೆಯ ಮೇಜೊಂದು ಬರತೊಡಗಿತು. ಮೇಲೆ ಉಕ್ಕಿನ ಹಲಗೆ, ನಾಲ್ಕೂ ಬದಿಗೆ ತಂತಿಬಲೆ. ಉದ್ದ ಆರೂವರೆ ಅಡಿ, ಅಗಲ ನಾಲ್ಕಡಿ, ಎತ್ತರ ಸುಮಾರು ಎರಡೂವರೆ ಅಡಿ. ಆಗಿನ ಗೃಹಮಂತ್ರಿಯ ಹೆಸರಿನಲ್ಲಿ ಅದನ್ನು ಮಾರಿಸನ್ ಶೆಲ್ಟರ್ ಎಂದು ಕರೆದರು. ಹಗಲು ಅದರ ಮೇಲೆ ಊಟ, ಬಾಂಬು ದಾಳಿಯ ಸೈರನ್ ಕೂಗಿದರೆ ಇಡೀ ಸಂಸಾರ ಅದರೊಳಗೆ. ಮನೆ ಕುಸಿದು ಮೇಲೆ ಬಿದ್ದರೂ ಮುರಿಯದೆ, ಕೊಂಚ ಬಾಗಿ ಭಾರ ತಡೆದುಕೊಳ್ಳುವಂತೆ ಎಂಜಿನಿಯರ್ ಜಾನ್ ಬೇಕರ್ ಅದನ್ನು ರೂಪಿಸಿದ್ದರು. ಹಿಂದಿನ ಆಂಡರ್ಸನ್ ಶೆಲ್ಟರನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂಳಬೇಕಿತ್ತು. ಮಳೆ ಬಂದರೆ ಅದರೊಳಗೆ ನೀರು ನಿಲ್ಲುತ್ತಿತ್ತು. ಹಿತ್ತಲೇ ಇಲ್ಲದವರಿಗೆ ಆ ಭಾಗ್ಯವೂ ಇಲ್ಲ.

ಯುದ್ಧ ಅಡುಗೆಮನೆಯವರೆಗೆ ಬಂದಾಗ ಅಲ್ಲಿ ಏನೇನಾಯಿತು ಎಂಬುದು ಈ ಸಂಚಿಕೆಯ ವಿಷಯ. ಅದನ್ನು ಬರೆದಿಟ್ಟವರಲ್ಲಿ ನನಗೆ ಮುಖ್ಯರಾಗಿ ಕಾಣುವವರು ನೆಲ್ಲಾ ಲಾಸ್ಟ್. ಹಡಗುಕಟ್ಟೆಯ ಊರಾದ ಬ್ಯಾರೋ-ಇನ್-ಫರ್ನೆಸ್‌ನ ಗೃಹಿಣಿ. ಜನಸಾಮಾನ್ಯರ ದಿನನಿತ್ಯದ ಬದುಕನ್ನು ದಾಖಲಿಸಲೆಂದು 1937ರಲ್ಲಿ ಹುಟ್ಟಿದ ಮಾಸ್ ಅಬ್ಸರ್ವೇಶನ್ ಸಂಸ್ಥೆಗೆ ಅವರು 1939ರಿಂದ ದಿನಚರಿ ಬರೆದು ಕಳಿಸತೊಡಗಿದರು. ಆಗ ಅವರಿಗೆ 49 ವರ್ಷ. ಬರವಣಿಗೆ 1966ರವರೆಗೂ ನಡೆಯಿತು.

1941ರ ಏಪ್ರಿಲ್, ಮೇ ತಿಂಗಳಲ್ಲಿ ಬ್ಯಾರೋ ಮೇಲೆ ಬಾಂಬು ಸುರಿದವು. ಅವರ ಮನೆಗೂ ಪೆಟ್ಟು ಬಿತ್ತು. ಆದರೆ ದಿನಚರಿಯ ತುಂಬ ಇರುವುದು ಬಾಂಬಲ್ಲ. ರೇಷನ್ನಿನ ಬೆಣ್ಣೆ, ಸಕ್ಕರೆಯಲ್ಲಿ ರುಚಿಯಾಗಿ ಏನು ಮಾಡಿ ಬಡಿಸಬಹುದು, ಚಿಂದಿ ಬಟ್ಟೆಯಲ್ಲಿ ಆಸ್ಪತ್ರೆಯ ಮಕ್ಕಳಿಗೆ ಗೊಂಬೆ ಹೊಲಿದದ್ದು, ಸೈನ್ಯಕ್ಕೆ ಸೇರಿದ ಕಿರಿಯ ಮಗನ ಚಿಂತೆ, ಮಾತು ಕಡಿಮೆಯ ಗಂಡ. ಮಹಿಳಾ ಸ್ವಯಂಸೇವಾ ಸಂಘದ ಕೇಂದ್ರದಲ್ಲಿ ಅವರು ಹೊಲಿದರು, ಕ್ಯಾಂಟೀನಿನಲ್ಲಿ ದುಡಿದರು, ಯುದ್ಧಕೈದಿಗಳ ನೆರವಿಗೆ ರೆಡ್‌ಕ್ರಾಸ್ ಅಂಗಡಿ ನಡೆಸಿದರು.

ಬಾಂಬಿಗೆ ಬಗ್ಗದ ಜನ ಎಂಬ ಹೊಗಳಿಕೆ ಬ್ರಿಟನ್ನಿನ ಬಗ್ಗೆ ಎಲ್ಲೆಲ್ಲೂ ಕೇಳಿಬರುತ್ತದೆ. ಆ ಹೊಗಳಿಕೆಯಲ್ಲಿ ನೆಲ್ಲಾ ಅವರಂಥವರು ಕಳೆದುಹೋಗುತ್ತಾರೆ ಎಂಬುದು ನನ್ನ ತಕರಾರು. ಅವರು ಹೆದರಿದ್ದರು, ದಣಿದಿದ್ದರು, ಅದನ್ನು ಮುಚ್ಚಿಡದೆ ಬರೆದರು. ಅದೇ ದಿನಗಳಲ್ಲಿ, ಮದುವೆಯಾದ ಮೇಲೆ ಮೊದಲ ಸಲ, ಮನೆಯಾಚೆ ತಮ್ಮ ಕೆಲಸಕ್ಕೂ ಮಾತಿಗೂ ಬೆಲೆ ಇದೆ ಎಂದು ಕಂಡುಕೊಂಡರು. ಗಂಡನ ಮರ್ಜಿ ಕಾಯುತ್ತ ಕಳೆದ ವರ್ಷಗಳ ಬಗ್ಗೆ ಅವರ ಪುಟಗಳಲ್ಲಿ ಸಿಟ್ಟು ಬೆಳೆಯುತ್ತ ಹೋಗುತ್ತದೆ. ಸಾವಿರಾರು ಮನೆಗಳನ್ನು ಕೆಡವಿದ ಕಾಲವೇ ಒಬ್ಬ ಹೆಂಗಸಿಗೆ ಹೊಸ್ತಿಲು ದಾಟುವ ದಾರಿಯನ್ನೂ ತೆರೆಯಿತು ಎಂಬುದನ್ನು ಒಪ್ಪಿಕೊಳ್ಳಲು ಕಷ್ಟ. ಆದರೆ ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಯುದ್ಧ ಮುಗಿಯುತ್ತ ಬಂದಾಗ ಊರೆಲ್ಲ ಶಾಂತಿಗೆ ಹಾತೊರೆಯುತ್ತಿತ್ತು. ಶಾಂತಿ ಅವರಿಗೂ ಬೇಕಿತ್ತು. ಅದು ಬಂದ ಮೇಲೆ ಈ ಕೆಲಸವೆಲ್ಲ ನಿಂತು ಮತ್ತೆ ಬರೀ ಮನೆಯೊಳಗೇ ಉಳಿಯಬೇಕಲ್ಲ ಎಂಬ ಕಳವಳವೂ ಇತ್ತು.