ಸಿಪಾರಾ ಮುಗಿದರೆ ಮಾತು ಮುಗಿಯಿತೇ?

ಮರಣ ಸಂಭವಿಸಿದ ಮನೆಯಲ್ಲಿ ಮೂವತ್ತು ಬಿಡಿ ಸಿಪಾರಾಗಳನ್ನು ಹಂಚಿ, ಒಂದು ಗಂಟೆಯೊಳಗೆ ಕುರ್‌ಆನ್ ಖತಂ ಆಯಿತೆಂದು ಘೋಷಿಸುವ ರೂಢಿ ಬೆಳಂಬಾರ, ಅಂಕೋಲೆ, ಕಾರವಾರಗಳ ಈ ಕರಾವಳಿಗೆ ಹೊಸದಲ್ಲ. ಇದು ಧರ್ಮಸಮ್ಮತವೇ ಎಂಬ ಉಲಮಾಗಳ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ನಮ್ಮ ತಕರಾರು ಸಿಪಾರಾವನ್ನು ನಾವು ಏನೆಂದು ಭಾವಿಸಿದ್ದೇವೆ ಎಂಬುದರ ಕುರಿತಾಗಿದೆ.

ಸೂರಾ ಮತ್ತು ಸೂಕ್ತಗಳು ಪ್ರವಾದಿ(ಸ)ಯವರ ಕಾಲದಿಂದಲೇ ಇದ್ದವು. ಮೂವತ್ತು ಜುಝ್‌ಗಳು ಹಾಗಲ್ಲ. ಅವು ತರುವಾಯದವರು ಪಾರಾಯಣದ ಅನುಕೂಲಕ್ಕಾಗಿ ಅಳತೆ ನೋಡಿ ಮಾಡಿದ ಸಮಪಾಲುಗಳು. ಇರಾಕಿನ ರಾಜ್ಯಪಾಲ ಹಜ್ಜಾಜನ ಕಾಲದಲ್ಲಿ ಅಕ್ಷರಗಳನ್ನೇ ಎಣಿಸಲಾಯಿತೆಂಬ ವರದಿಗಳಿವೆ. ತಿಂಗಳಿಗೊಮ್ಮೆ ಮುಗಿಸಬಯಸುವವನಿಗೆ ದಿನಕ್ಕೊಂದು ಪಾಲು: ಉದ್ದೇಶ ಒಳ್ಳೆಯದೇ. ಆದರೆ ಅಳತೆಗೋಲಿಗೆ ಅರ್ಥ ತಿಳಿಯದು. ಅನ್ನಿಸಾ ಸೂರಾದಲ್ಲಿ ವಿವಾಹ ನಿಷಿದ್ಧರಾದ ಸ್ತ್ರೀಯರ ಪಟ್ಟಿ 23ನೆಯ ಸೂಕ್ತದಲ್ಲಿ ಆರಂಭವಾಗುತ್ತದೆ. ಪಟ್ಟಿ ಮುಗಿಯುವ ಮೊದಲೇ ನಾಲ್ಕನೆಯ ಸಿಪಾರಾ ಮುಗಿದುಬಿಡುತ್ತದೆ. ಅಲ್‌ಕಹ್ಫ್‌ನಲ್ಲಿ ಮೂಸಾ(ಅ)ರ ಆಕ್ಷೇಪ ಹದಿನೈದನೆಯದರಲ್ಲಿದ್ದರೆ ಖಿಝರ್‌(ಅ)ರ ಉತ್ತರ ಹದಿನಾರನೆಯದರಲ್ಲಿದೆ. ಯೂಸುಫ್(ಅ)ರ ವೃತ್ತಾಂತವಂತೂ ಸಂಭಾಷಣೆಯ ನಡುವೆಯೇ ತುಂಡಾಗಿದೆ. ಅಲ್ಲಿ ನಿಲ್ಲಿಸಿ, ಪುಸ್ತಕ ಮಡಚಿ, ಕಣ್ಣಿಗೊತ್ತಿಕೊಂಡು ಎದ್ದು ಹೋಗುತ್ತೇವೆ. ಮನುಷ್ಯರ ಮಾತನ್ನಾದರೂ ಹೀಗೆ ಅರ್ಧಕ್ಕೆ ಬಿಟ್ಟು ಏಳುತ್ತೇವೆಯೇ?

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ನಮ್ಮ ಮನೆಗಳ ಹಳೆಯ ಪ್ರತಿಗಳು ಭಾರತೀಯ ಮುದ್ರಣದವು. ಕೊಲ್ಲಿ ದೇಶಗಳಲ್ಲಿ ದುಡಿಯುವವರು, ಹಜ್ಜಿಗೆ ಹೋಗಿ ಬಂದವರು ತಂದವು ಮದೀನಾ ಮುದ್ರಣದವು. ಇವೆರಡರಲ್ಲಿ ಸೂಕ್ತಗಳು ಅವೇ, ಕ್ರಮವೂ ಅದೇ. ಆದರೆ ಕೆಲವು ಜುಝ್‌ಗಳ ಗಡಿ ಬೇರೆ. ಭಾರತೀಯ ಪ್ರತಿಯ ಇಪ್ಪತ್ತಮೂರನೆಯ ಸಿಪಾರಾ ಯಾಸೀನ್‌ನ 22ನೆಯ ಸೂಕ್ತದಿಂದ ಆರಂಭವಾದರೆ ಮದೀನಾ ಪ್ರತಿಯದು 28ರಿಂದ. ಇಪ್ಪತ್ತೆರಡನೆಯದನ್ನು ಭಾರತೀಯ ಪ್ರತಿಯಲ್ಲಿ ಓದಿದವರು 21ಕ್ಕೆ ನಿಲ್ಲಿಸುತ್ತಾರೆ; ಪಕ್ಕದವರು ಮದೀನಾ ಪ್ರತಿ ಹಿಡಿದಿದ್ದರೆ 28ರಿಂದ ತೊಡಗುತ್ತಾರೆ. ನಡುವಿನ ಆರು ಸೂಕ್ತಗಳನ್ನು ಯಾರೂ ಓದುವುದಿಲ್ಲ. ಆ ಆರು ಯಾವುವು? ಪಟ್ಟಣದ ಅಂಚಿನಿಂದ ಓಡಿಬಂದು ಪ್ರವಾದಿಗಳ ಪರವಾಗಿ ನಿಂತ ಸತ್ಯವಿಶ್ವಾಸಿಯ ಮಾತುಗಳು; ಸ್ವರ್ಗ ಪ್ರವೇಶದ ಆದೇಶ ಕೇಳಿದ ಮೇಲೂ, ತನ್ನ ಪ್ರಭು ತನ್ನನ್ನು ಕ್ಷಮಿಸಿದ್ದು ತನ್ನ ಜನರಿಗೆ ತಿಳಿದಿದ್ದರೆ ಎಂದು ಆತ ಹಂಬಲಿಸಿದ ಮಾತುಗಳು. ಅವನ ಜನರಿಗೆ ತಿಳಿಯಲಿಲ್ಲ. ಖತಂ ನಡೆಸಿದ ನಮಗೂ ತಿಳಿಯುವುದಿಲ್ಲ. ಬಳಿಕ ದುಆ ಮಾಡಿ ಊಟಕ್ಕೆ ಏಳುತ್ತೇವೆ.

ಪ್ರತಿ ಅಕ್ಷರಕ್ಕೆ ಹತ್ತು ಪುಣ್ಯವಿರುವಾಗ ಎಲ್ಲಿ ನಿಲ್ಲಿಸಿದರೇನು ಎಂದು ಕೇಳುವವರಿದ್ದಾರೆ. ಆ ಹದೀಸನ್ನು ನಾವೂ ಶಿರಸಾ ವಹಿಸುತ್ತೇವೆ. ಅರ್ಥ ತಿಳಿಯದ ವೃದ್ಧೆಯೊಬ್ಬರು ತಡವರಿಸುತ್ತ ಓದುವುದನ್ನು ಹಗುರವಾಗಿ ಕಾಣುವ ಧೈರ್ಯ ನಮಗಿಲ್ಲ. ಆದರೆ ಮೂರು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಮುಗಿಸಿದವನು ಗ್ರಹಿಸಲಾರನೆಂದು ತಿಳಿಸಿದವರೂ ಅದೇ ಪ್ರವಾದಿ(ಸ)ಯವರಲ್ಲವೇ?

ಸಹಾಬಿಗಳ ವಿಭಜನೆಯನ್ನು ನೋಡಿ. ಅಬೂದಾವೂದರ ಸಂಗ್ರಹದಲ್ಲಿರುವ ಔಸ್ ಬಿನ್ ಹುಝೈಫಾ(ರ)ರ ವರದಿಯಂತೆ ಅವರು ಮೂರು, ಐದು, ಏಳು, ಒಂಬತ್ತು, ಹನ್ನೊಂದು, ಹದಿಮೂರು ಸೂರಾಗಳಂತೆ ಪಾಲು ಮಾಡಿ, ಉಳಿದುದನ್ನು ಏಳನೆಯ ಪಾಲಾಗಿಸುತ್ತಿದ್ದರು. ಇಂದಿನ ಏಳು ಮಂಝಿಲ್‌ಗಳು ಇವೇ. ಒಂದು ಸೂರಾವೂ ನಡುವೆ ತುಂಡಾಗದು. ಹಿರಿಯರು ಬಿಟ್ಟುಹೋದ ಇನ್ನೊಂದು ಸೌಕರ್ಯ ರುಕೂಅ್. ಭಾರತೀಯ ಪ್ರತಿಗಳ ಅಂಚಿನಲ್ಲಿರುವ ‘ಐನ್’ ಅಕ್ಷರವು ಒಂದು ವಿಷಯ ಪೂರ್ತಿಯಾಯಿತು, ಇಲ್ಲಿ ರುಕೂಅ್‌ಗೆ ಬಾಗಬಹುದು ಎಂದು ಸೂಚಿಸುತ್ತದೆ. ಅದರ ಮೇಲಿನ ಅಂಕಿ ಸೂರಾದೊಳಗಿನ ರುಕೂಅ್ ಸಂಖ್ಯೆ, ನಡುವಿನದು ಸೂಕ್ತಗಳ ಸಂಖ್ಯೆ, ಕೆಳಗಿನದು ಸಿಪಾರಾದೊಳಗಿನ ಸಂಖ್ಯೆ. ಮದ್ರಸಾದಲ್ಲಿ ಹತ್ತು ವರ್ಷ ಓದಿದ ಮಕ್ಕಳನ್ನು ಕೇಳಿ ನೋಡಿ. ಈ ಮೂರು ಅಂಕಿಗಳ ಅರ್ಥ ಹೇಳಬಲ್ಲವರು ವಿರಳ. ಎಷ್ಟು ಸಿಪಾರಾ ಮುಗಿಯಿತೆಂದು ಕೇಳಿದರೆ ಮಾತ್ರ ಉತ್ತರ ಸಿದ್ಧವಿರುತ್ತದೆ, ಏಕೆಂದರೆ ನಾವು ಕೇಳುವುದು ಅದೊಂದನ್ನೇ.

ಆದ್ದರಿಂದ ಸಾಮೂಹಿಕ ಪಾರಾಯಣ ನಡೆಸಲೇಬೇಕೆನ್ನುವವರು ಸಿಪಾರಾಗಳ ಬದಲು ಸೂರಾಗಳನ್ನು ಹಂಚಲಿ. ಕನಿಷ್ಠ ಎಲ್ಲರ ಕೈಗೂ ಒಂದೇ ಮುದ್ರಣದ ಪ್ರತಿಗಳನ್ನು ಕೊಡಲಿ. ತರಾವೀಹ್‌ನ ಹಾಫಿಝರು ಸಿಪಾರಾದ ಗಡಿಗಾಗಿ ಧಾವಿಸದೆ ರುಕೂಅ್ ಚಿಹ್ನೆಯಲ್ಲಿ ನಿಲ್ಲಲಿ. ಮನೆಯಲ್ಲಿ ದಿನಕ್ಕೊಂದು ರುಕೂಅ್ ಓದಿ, ಅದರ ಕನ್ನಡ ಅನುವಾದವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿದರೆ ಹದಿನೈದು ನಿಮಿಷ ಸಾಕು. ಇಂದಿನ ಬಹುತೇಕ ಭಾರತೀಯ ಮುದ್ರಣಗಳಲ್ಲಿ ಒಟ್ಟು 558 ರುಕೂಅ್‌ಗಳಿವೆ. ಒಂದೂವರೆ ವರ್ಷಕ್ಕೆ ತುಸು ಹೆಚ್ಚು ಹಿಡಿಯುತ್ತದೆ.